ಬಾಲ್ದೊ ಕುಡಿಯದೆ ಇಟ್ಟ ಗ್ಲಾಸು

ಗಂಟೆ ಸದ್ದು, ಚರ್ಚಿನದಲ್ಲ, ಕುದುರೆ ಕೊರಳಿಂದು — ಟ್ರಾಮಿನ ಕಿಟಕಿ ಪಕ್ಕದಲ್ಲೇ ಆರು ಕುದುರೆಯ ಗಾಡಿ, ಮೇಲೆ ಬಿಯರ್ ಪೀಪಾಯಿಗಳು, ಹಾಡುಹಗಲಲ್ಲಿ, ಪೊಲೀಸಿನವನೇ ಕೈ ತೋರಿಸಿ ದಾರಿ ಬಿಡಿಸ್ತಾ ಇದಾನೆ, ಹೋದ ವರ್ಷ ಇಂಥವೇ ಪೀಪಾಯಿಗಳನ್ನ ಇವನೇ ಕೊಡಲಿ ಹಿಡಿದು ಒಡೆದಿದ್ದ, ಈಗ ಹಲ್ಲು ಕಿರೀತಾನೆ, ಕಿರೀಲಿ, ಹದಿಮೂರು ವರ್ಷ ಹೆಂಡ ಮಾರೋದು ಅಪರಾಧ ಅಂತಿದ್ದ ಸರ್ಕಾರಕ್ಕೆ ಈಗ ಬಾಯಾರಿದೆ. ಏನೇ ಅದು ಅಂತ ಇವರು ಕೇಳ್ತಾರೆ, ಬಿಯರ್ ಗಾಡಿ ರೀ, ಎಷ್ಟು ಕುದುರೆ, ಆರು, ಯಾವ ಬಣ್ಣ, ಕಂದು — ಎರಡು ವರ್ಷದಿಂದ ಹೀಗೇ, ನನ್ನ ಗಂಡ ಗಾಸ್ಪಾರೆಗೆ ಶಿಕಾಗೊ ಅಂದ್ರೆ ನನ್ನ ಬಾಯಿಂದ ಬಂದಷ್ಟೇ, ಕಣ್ಣು ಹೋದ್ರೂ ಬಣ್ಣ ಕೇಳೋದು ಬಿಟ್ಟಿಲ್ಲ. ಕೋರ್ಟಿಗೆ ಇನ್ನು ನಾಲ್ಕು ನಿಲ್ದಾಣ.

ಗೊತ್ತಿಲ್ಲ ಅಂದು ಬಂದ್ಬಿಡು ನಿನ್ಫಾ, ಬೆಳಿಗ್ಗೆ ಕೋಟಿನ ಗುಂಡಿ ಹಾಕ್ತಿದ್ದಾಗ ಹೇಳಿದ್ರು, ಬಾಲ್ದೊ ನಮ್ಮ ಕೊಂಪಾರೆ, ನಮ್ಮ ಲಿಲ್ಲಾಳ ತಲೆ ಮೇಲೆ ಪಾದ್ರಿ ನೀರು ಹಾಕುವಾಗ ಎತ್ತಿ ಹಿಡ್ಕೊಂಡವನು, ನೀನು ಅವನಿಗೆ ಕೊಮಾರೆ, ರಕ್ತಸಂಬಂಧಕ್ಕಿಂತ ದೊಡ್ಡದು ಅದು, ಅವನ ಮೇಲೆ ಸಾಕ್ಷಿ ಹೇಳಿದ್ರೆ ಬೀದಿಯಲ್ಲಿ ಯಾರು ನಮ್ಮ ಮುಖ ನೋಡ್ತಾರೆ — ನೋಡದಿದ್ರೆ ಬೇಡ, ನನ್ನ ಮುಖ ಏನು ಜಾತ್ರೆಯಲ್ಲಿ ಮಾರಾಟಕ್ಕಿಟ್ಟಿದೀನಾ. ನಿನ್ನೆ ಮೀನಂಗಡಿಯಲ್ಲಿ ಬಾಲ್ದೊನ ತಂಗಿ ಮೈಮೇಲೆ ಬೀಳೋ ಹಾಗೆ ಬಂದು ನಿಂತಳು, ಕಾನೂನೇ ಸಾಯ್ತಿದೆ, ಇನ್ನು ಕಳ್ಳಭಟ್ಟಿಯ ಮಾತು ಯಾರಿಗೆ ಬೇಕೇ, ಅಣ್ಣ ಹೇಳಿ ಕಳಿಸಿದಾನೆ, ಲಿಲ್ಲಾ ಮದುವೆಗೆ ಅವನೇ ಮುಂದೆ ನಿಲ್ತಾನಂತೆ, ಹುಡುಗಿ ಶಾಲೆಗೆ ಒಬ್ಬಳೇ ನಡ್ಕೊಂಡು ಹೋಗ್ತಾಳಲ್ವಾ ಅಂತನೂ ಕೇಳಿದಳು, ಎಷ್ಟು ಮೆತ್ತಗೆ ಕೇಳಿದಳು. ಅದಕ್ಕೇ ಲಿಲ್ಲಾಳನ್ನ ಇವತ್ತು ಕನ್ಯಾಮಠದ ಅಮ್ಮಂದಿರ ಹತ್ತಿರ ಬಿಟ್ಟು ಬಂದಿದೀನಿ. ಹೆದರಿಕೆ ಇದೆ, ಇಲ್ಲ ಅನ್ನಲ್ಲ, ಆದ್ರೆ ಟ್ರಾಮಿಂದ ಇಳಿಯಲ್ಲ.

ಎಲ್ಲರ ಅಡುಗೆಮನೆಯಲ್ಲೂ ತಾಮ್ರದ ಭಟ್ಟಿ ಇಟ್ಟವನೇ ಅವನು, ಸಕ್ಕರೆ ಅವನ್ದು, ಡಬ್ಬ ಅವನ್ದು, ಬೆಂಕಿ ಮಾತ್ರ ನಮ್ದು, ಸ್ನಾನದ ತೊಟ್ಟಿಯಲ್ಲಿ ಸಕ್ಕರೆ ಕೊಳೆ ಹಾಕಿದ್ರೆ ವಾರಗಟ್ಟಲೆ ಸ್ನಾನ ಇಲ್ಲ, ಪರದೆಗೂ ಅದೇ ವಾಸನೆ, ಲಿಲ್ಲಾಳ ಜಡೆಗೂ. ಇವರು ಭಟ್ಟಿ ಇಳಿಸೋರು, ನಾನು ಬೆಂಕಿ ಹಚ್ಚಿ ನೋಡೋಳು, ಚಮಚದಲ್ಲಿ ಒಂದಿಷ್ಟು ಹಾಕಿ ಕಡ್ಡಿ ಗೀರಿದ್ರೆ ಕೆಂಪಗೆ ಉರಿದದ್ದು ವಿಷ, ನೀಲಿಯಾಗಿ ಉರಿದದ್ದು ಒಳ್ಳೇದು, ಬೀದಿಗೆಲ್ಲ ಅದೇ ವೇದ. ಆಮೇಲೆ ಜೋಸೆಫ್ ಸಂತನ ಹಬ್ಬದ ಹಿಂದಿನ ದಿನ ಬಾಲ್ದೊ ಇವರಿಲ್ಲದಾಗ ಬಂದ, ಕೈಯಲ್ಲಿ ಬೇರೆ ಡಬ್ಬ, ಇದನ್ನ ನಿಮ್ಮದಕ್ಕೆ ಅರ್ಧಕ್ಕರ್ಧ ಬೆರೆಸು ಕೊಮಾರೆ, ಗಾಸ್ಪಾರೆಗೆ ಹೇಳ್ಬೇಡ, ಅವನಿಗೆ ಕೈಕೆಲಸದ ಜಂಬ, ಅಂದ. ಏನಿದು ಅಂದೆ. ಬೆಂಕಿ ಹಚ್ಚಿ ನೋಡು, ನೀಲಿ ಬಂದ್ರೆ ಮುಗೀತಲ್ಲ. ಹಚ್ಚಿದೆ, ಬಂತು. ಬಣ್ಣದ ಕಾರ್ಖಾನೆಯ ವಿಷದ ಸ್ಪಿರಿಟ್ಟೂ ನೀಲಿಯಾಗೇ ಉರಿಯತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಮಾರನೇ ದಿನ ಸಂತನ ಮುಂದೆ ಎಡೆ, ಅವರೆಬೇಳೆ ಸಾರು, ಹುರಿದ ಬ್ರೆಡ್ ಪುಡಿ ಉದುರಿಸಿದ ಪಾಸ್ತಾ, ಮೇಲ್ಮಹಡಿಯ ಚಿರೊ ಹಾಡ್ತಿದ್ದ, ಮೂರು ಗಂಡಸರಿಗೂ ಒಂದೊಂದು ಗ್ಲಾಸು, ಅದೇ ಬೆರಕೆ. ಮೇಜಿನಿಂದಲೇ ಇವರು ಕೂಗಿದ್ರು, ಯಾವ ಬಣ್ಣನೇ, ಮತ್ತೆ ಹಚ್ಚಿ ನೋಡಿ ನಾನೇ ಹೇಳಿದೆ, ನೀಲಿ ರೀ, ಕುಡೀರಿ. ಬಾಲ್ದೊ ಗ್ಲಾಸು ಎತ್ತಿದ, ತುಟಿ ಹತ್ತಿರ ತಂದ, ಕೆಳಗಿಟ್ಟ, ಹೊಟ್ಟೆ ಸರಿಯಿಲ್ಲ ಕೊಂಪಾರೆ ಅಂದ — ಕೊಂಪಾರೆಯ ಮನೆಯಲ್ಲಿ, ಹಬ್ಬದ ದಿನ, ಗ್ಲಾಸು ಮುಟ್ಟಿ ಕೆಳಗಿಡೋದು ಅಂದ್ರೆ ಮುಖಕ್ಕೆ ಉಗಿದ ಹಾಗೆ, ನಾನು ನೋಡಿದೆ, ನೋಡಿಯೂ ಪಾಸ್ತಾ ಬಡಿಸ್ತಾ ಹೋದೆ. ಮೂರನೇ ದಿನ ಚಿರೊ ತೀರಿಹೋದ. ಇವರು ಹಾಸಿಗೆಯಲ್ಲಿ ಎದ್ದು ಕೂತು ಎಲ್ಲಾ ಬರೀ ಬೆಳ್ಳಗಿದೆ, ಮಂಜು ಬಿದ್ದಿದಾ ಹೊರಗೆ ಅಂತ ಕೇಳಿದ್ರು.

ಅವತ್ತಿಂದ ಪ್ರತಿ ಪ್ರಾರ್ಥನೆಯಲ್ಲೂ ಒಂದೇ ಮಾತು, ನನ್ನ ಭಟ್ಟಿ ಚಿರೊನ್ನ ಕೊಂದಿತು ದೇವರೇ, ನನ್ನ ಕೈ ತಪ್ಪಿತು ದೇವರೇ — ಪಕ್ಕದಲ್ಲೇ ಮಂಡಿಯೂರಿ ನಾನು, ಹೂಂ ಅಲ್ಲ ಉಹೂಂ ಅಲ್ಲ, ಎರಡು ವರ್ಷ, ಬಾಯಲ್ಲಿ ಏನಿತ್ತೋ ನನಗೆ. ಬಾಲ್ದೊನ ಗಾಡಿ ಓಡಿಸೋನು ಹೋದ ತಿಂಗಳು ಸಿಕ್ಕಿಬಿದ್ದು ಡಬ್ಬದ ವಿಷಯ ಬಾಯಿಬಿಟ್ಟ ಅಂತ ಸರ್ಕಾರಿ ವಕೀಲ ಮನೆಗೆ ಬಂದು ಹೇಳಿದ್ದು ನನಗೆ ಮಾತ್ರ. ಇವರನ್ನ ಯಾಕೆ ಕೋರ್ಟಿಗೆ ಕರ್ಕೊಂಡು ಬರ್ತೀಯ ಅಂದ. ಅವರೇ ಕೇಳ್ಬೇಕು ಅಂದೆ.

ಕೋರ್ಟಿನ ಮೆಟ್ಟಿಲು ರೀ, ಹದಿನೆಂಟಿದೆ, ನಿಧಾನ. ಒಳಗೆ ಬಾಲ್ದೊ, ಬೂದು ಸೂಟು, ಎದೆ ಮೇಲೆ ಹೂವು, ಹೇಗಿದೀಯ ಕೊಮಾರೆ ಅಂತಾನೆ, ಉತ್ತರ ಸಾಕ್ಷಿಯ ಕುರ್ಚಿಯಲ್ಲಿ ಕೂತು ಕೊಡ್ತೀನಿ. ಪುಸ್ತಕದ ಮೇಲೆ ಕೈ. ಇಂಗ್ಲಿಷು ನನಗೆ ಬೇಡ, ನಮ್ಮ ಸಿಸಿಲಿಯ ಮಾತಲ್ಲೇ ಹೇಳ್ತೀನಿ, ವಕೀಲನಿಗೆ ದುಭಾಷಿ ಆಮೇಲೆ ಹೇಳಲಿ, ಮೊದಲು ಇವರಿಗೆ ಮುಟ್ಟಲಿ. ಡಬ್ಬ ತಂದವನು ಇವನು. ಬೆರೆಸಿದವಳು ನಾನು. ಗಂಡನಿಗೆ ಗೊತ್ತಿರಲಿಲ್ಲ, ಅವರ ಭಟ್ಟಿಯಲ್ಲಿ ಏನೂ ತಪ್ಪಿರಲಿಲ್ಲ, ಯಾವತ್ತೂ ಇರಲಿಲ್ಲ. ಇವನು ಗ್ಲಾಸು ಕೆಳಗಿಟ್ಟ, ನಾನು ನೋಡಿದೆ. ಬಾಲ್ದೊ ಎದೆಯ ಹೂವನ್ನ ಸರಿ ಮಾಡ್ಕೊಳ್ತಿದಾನೆ, ಬೆಂಚಿನ ಮೇಲೆ ಇವರ ಕೈ ಟೋಪಿಯ ಅಂಚಲ್ಲಿ ಸುತ್ತುತಾ ಇದ್ದದ್ದು ನಿಂತಿತು. ನೀವು ಪರೀಕ್ಷೆ ಮಾಡಿದಿರಾ, ವಕೀಲ ಕೇಳ್ದ, ಮಾಡಿದೆ, ಬೆಂಕಿ ಯಾವ ಬಣ್ಣ ಇತ್ತು — ದುಭಾಷಿ ಅದನ್ನ ನಮ್ಮ ಮಾತಿಗೆ ತಿರುಗಿಸಿದ, ಇವರು ಮುಖ ಎತ್ತಿದ್ರು, ನನ್ನ ಕಡೆಗೇ, ಟ್ರಾಮಿನಲ್ಲಿ ಎತ್ತಿದ ಹಾಗೇ, ಕಾಯ್ತಾ ಇದಾರೆ, ಅವತ್ತು ಮೇಜಿನ ಹತ್ತಿರ ಕಾದ ಹಾಗೇ — ನೀಲಿ ರೀ, ಉಗುರಿನಷ್ಟು, ಚಮಚದಲ್ಲಿ, ಅಲುಗದೆ, ಚಮಚದಲ್ಲಿ, ನೀಲಿ