ಹದಿನಾಲ್ಕನೆಯ ಅಡ್ಡಹೆಸರು

"ಹದಿಮೂರಕ್ಕೂ ಕಾರಣ ಬರೆದಿದ್ದೀರಿ ಅಕ್ಕ, ಹದಿನಾಲ್ಕನೇದು ಯಾಕೆ ಖಾಲಿ?" ಎಂದ ಹೊಸ ಮ್ಯಾನೇಜರ್, ಗೋಡೆಗೆ ಅಂಟಿಸಿದ್ದ ಪಟ್ಟಿಯ ಮೇಲೆ ಬೆರಳಿಟ್ಟು.

ಪುಟ ಜೋಡಿಸುವ ಅಕ್ಕ ಕಂಪ್ಯೂಟರ್ ಬಿಟ್ಟು ಪಟ್ಟಿಯ ಹತ್ತಿರ ಎದ್ದು ಬಂದಳು. ಆ ಪ್ರೆಸ್ಸಿನ ಕಂಪ್ಯೂಟರುಗಳಲ್ಲಿ ಫಾಂಟುಗಳಿಗೆ ಅಡ್ಡಹೆಸರಿಟ್ಟವಳು ಅವಳೇ. ಮಾರುದ್ದದ ಅಸಲಿ ಹೆಸರುಗಳನ್ನು ಪ್ರತಿ ಸಲ ಟೈಪ್ ಮಾಡುತ್ತ ಕೂರುವವರು ಯಾರು? ಎಲ್ಲರಿಗಿಂತ ಮೇಲೆ ಕೂರುವ ಶೀರ್ಷಿಕೆಯ ಫಾಂಟು ‘ಬೀಗರು’, ಅಡಿಟಿಪ್ಪಣಿಯದು ‘ಚಿಳ್ಳೆ’. ಅಷ್ಟು ಹೇಳಿದರೆ ಸಾಕು, ಯಾವ ಫಾಂಟೆಂದು ಕಂಪ್ಯೂಟರ್ ತಾನೇ ಪಟ್ಟಿ ನೋಡಿಕೊಳ್ಳುತ್ತಿತ್ತು. ಈಗ ಮ್ಯಾನೇಜರ್ ಶಿಸ್ತು ತರಲು ಹೊರಟಿದ್ದ. ಕಾರಣವಿದ್ದ ಅಡ್ಡಹೆಸರು ಉಳಿಯುತ್ತದೆ, ಇಲ್ಲದ್ದು ಸಂಜೆ ಐದಕ್ಕೆ ಹೋಗುತ್ತದೆ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ.

ಹದಿನಾಲ್ಕನೆಯದು ಅಡ್ಡಹೆಸರೂ ಅಲ್ಲ, ಸುಳ್ಳು ಹೆಸರು. ಪ್ರೂಫ್ ತಿದ್ದುವ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಅವರು ಹಾಳೆಯನ್ನು ಮೂಗಿಗೆ ತಾಗಿಸಿ ಓದುವುದನ್ನು ಅವಳು ಕಂಡಿದ್ದಳು. ಪುಸ್ತಕದ ಫಾಂಟು ಕೂದಲೆಳೆಯಂಥದು. ಅದರ ಹೆಸರು ಬಂದಲ್ಲೆಲ್ಲ, ಮೇಷ್ಟ್ರ ಪ್ರೂಫಿಗೆ ಮಾತ್ರ, ದಪ್ಪ ಗೆರೆಯ ಇನ್ನೊಂದು ಫಾಂಟು ಬೀಳುವಂತೆ ಗುಟ್ಟಾಗಿ ಒಂದು ಸಾಲು ಸೇರಿಸಿಬಿಟ್ಟಳು. ಎರಡರ ಅಗಲವೂ ಒಂದೇ, ಸಾಲು ಮುರಿಯುವುದೂ ಒಂದೇ ಕಡೆ. ಅಚ್ಚಿಗೆ ಹೋಗುವುದು ಎಂದಿನ ತೆಳು ಅಕ್ಷರವೇ. ಈಗ ಕಾರಣ ಬರೆದರೆ ಪ್ರೆಸ್ಸಿಗೆಲ್ಲ ಗೊತ್ತಾಗುತ್ತದೆ. ಬರೆಯದಿದ್ದರೆ ನಾಳೆಯಿಂದ ಮೇಷ್ಟ್ರಿಗೆ ಪ್ರೂಫೇ ಕಾಣದು. ಕಣ್ಣು ಮಂಜಾದ ಪ್ರೂಫ್ ರೀಡರನ್ನು ಯಾರು ಇಟ್ಟುಕೊಳ್ಳುತ್ತಾರೆ?

"ಪ್ರೂಫ್ ತೆಗೆಯೋ ಪ್ರಿಂಟರ್ ಹಳೇದಪ್ಪ, ತೆಳು ಅಕ್ಷರ ಸರಿಯಾಗಿ ಬೀಳಲ್ಲ," ಎಂದಳು.

"ಹೋದ ತಿಂಗಳು ತಾನೆ ಹೊಸದು ಬಂತಲ್ಲಕ್ಕ."

ಅವಳ ಮುಖ ಸಣ್ಣದಾಯಿತು. ಅಷ್ಟರಲ್ಲಿ ಹಿಂದಿನಿಂದ ಚಪ್ಪಲಿ ಎಳೆಯುವ ಸದ್ದು ಬಂತು. ಮೇಷ್ಟ್ರು ಬಂದು ಅವಳ ಪಕ್ಕದಲ್ಲಿ ನಿಂತರು.

"ಅದು ನಂದು," ಎಂದರು.

ಅಕ್ಕ ಬೆಚ್ಚಿ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ಅಷ್ಟು ವರ್ಷ ನೋಡಿದ ಅಕ್ಷರ ಕಣಮ್ಮ. ಬೆಳಗಾಗೋದರೊಳಗೆ ಮೈಕೈ ತುಂಬಿಕೊಂಡ್ರೆ ಗೊತ್ತಾಗಲ್ವಾ?"

"ಮತ್ತೆ ಒಂದು ಮಾತೂ ಹೇಳ್ಲಿಲ್ಲ ನೀವು."

"ನೀನೂ ಹೇಳ್ಲಿಲ್ಲವಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಮೇಷ್ಟ್ರು ಕಿವಿಗೆ ಸಿಕ್ಕಿಸಿದ್ದ ಕೆಂಪು ಪೆನ್ನು ತೆಗೆದು, ಪಟ್ಟಿಗೆ ಮೂಗು ತಾಗುವಷ್ಟು ಬಗ್ಗಿ, ಖಾಲಿ ಜಾಗದಲ್ಲಿ ಬರೆದರು: ‘ಪ್ರೂಫ್ ರೀಡರಿಗೆ ತೆಳು ಅಕ್ಷರ ಕಾಣುವುದಿಲ್ಲ.’

ಮ್ಯಾನೇಜರ್ ಅದನ್ನು ಎರಡು ಸಲ ಓದಿದ. "ಕಾರಣ ಇದೆಯಲ್ಲ, ಇರ್ಲಿ ಬಿಡಿ ಮೇಷ್ಟ್ರೇ," ಎಂದ ತಗ್ಗಿದ ದನಿಯಲ್ಲಿ.

ಮೇಷ್ಟ್ರು ಅಲ್ಲಿಂದ ಕದಲಲಿಲ್ಲ. ಬಗ್ಗಿದವರು ಬಗ್ಗಿದಂತೆಯೇ ಪಟ್ಟಿಯ ಮೊದಲ ಸಾಲಿಗೆ ಹೋಗಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತ ಇಳಿದರು. ಏಳನೆಯ ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನು ಕೆಂಪಿನಲ್ಲಿ ಸೇರಿಸಿದರು.