ಲೋಲಾಕ್ಷಿಯ ಮೂರು ಮೆಮೊ

ಬಸಳೆ ಚಪ್ಪರದ ಎರಡನೆಯ ಗೂಟವನ್ನೂ ನೆರೆಮನೆಯ ಧನರಾಜ್ ಕಿತ್ತು ಬದಿಗೆಸೆದ. ಆ ಸದ್ದು ಚಾವಡಿಯವರೆಗೆ ಕೇಳಿಸಿತು. ಅತ್ತೆಯ ತಲೆದೆಸೆಯ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದ ಮೋಕ್ಷಿತಾ ಕೈ ತಡೆದು, ಗೋಡೆಗೊರಗಿ ಕುಳಿತಿದ್ದ ತಾಯಿಯನ್ನು ನೋಡಿದಳು.

"ಹಿಂದೆ ಎಂತ ಮಾಡ್ತಾ ಇದ್ದಾರೆ ಅಮ್ಮ?"

"ಚಿತೆಗೆ ಗುಂಡಿ," ಎಂದರು ಮೋಹಿನಿ. "ಐತಪ್ಪ ಭಾವ ಹೇಳಿದ್ದು. ಮಣ್ಣು ಅಂತ ಇರುವುದು ಅಲ್ಲಿ ಮಾತ್ರ ಅಲ್ವಾ?"

ಅದು ನಿಜವೇ. ಗಡಿನಾಡಿನ ಅನಂತಪುರದಿಂದ ಸ್ವಲ್ಪ ಆಚೆಗಿನ ಆ ಗುಡ್ಡ ಇಡೀ ಕೆಂಪುಕಲ್ಲಿನ ಪಾರೆ. ಹುಲ್ಲು ಕೂಡ ಮಳೆಗಾಲಕ್ಕೆ ಬಂದು ದೀಪಾವಳಿಗೆ ಒಣಗಿಹೋಗುವ ಜಾಗ. ಮನೆ ಕಟ್ಟುವಾಗ ಕಲ್ಲು ಕಡಿದ ಹೊಂಡವೊಂದು ಹಿಂದುಗಡೆ ಹಾಗೆಯೇ ಉಳಿದಿತ್ತು. ಅದನ್ನು ತುಂಬಿಸಿದವರು ಲೋಲಾಕ್ಷಿ ಅತ್ತೆ. ಅಂಗನವಾಡಿಯಲ್ಲಿ ಹೆಲ್ಪರ್ ಆಗಿದ್ದ ಮೂವತ್ತೊಂದು ವರ್ಷವೂ ಅವರು ಸಂಜೆ ತಲೆಯ ಮೇಲೊಂದು ಬುಟ್ಟಿ ಮಣ್ಣಿಲ್ಲದೆ ಮನೆಗೆ ಬಂದ ದಿನ ಕಡಿಮೆ. ತೋಡಿನ ಬದಿಯ ಗೋಡುಮಣ್ಣು, ರಸ್ತೆ ಅಗಲ ಮಾಡುವಾಗ ಜರಿದ ಮಣ್ಣು, ಯಾರದೋ ಹಟ್ಟಿಯ ಗೊಬ್ಬರ. ಹೊಂಡ ನೆಲಕ್ಕೆ ಸಮವಾದ ಮೇಲೆ ಅಲ್ಲಿ ಬಸಳೆ, ಅಲಸಂಡೆ, ಹರಿವೆ, ಬೆಂಡೆ ಎದ್ದವು. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದ ಅತ್ತೆಗೆ ತನ್ನದು ಅಂತ ಇದ್ದದ್ದು ಆ ಎರಡು ಸೆಂಟ್ಸ್ ಜಾಗ.

ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಳಿತವರು ಆಟೋ ಬರುವ ಮೊದಲೇ ಹೋಗಿಬಿಟ್ಟಿದ್ದರು. ಅರುವತ್ತಾರು ವರ್ಷ.

ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದ ಐತಪ್ಪ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. ಅವರು ಅಪ್ಪನ ದೊಡ್ಡಪ್ಪನ ಮಗ, ಕುಟುಂಬಕ್ಕೆ ಹಿರಿಯರು. ಮದುವೆಯಿರಲಿ, ಉತ್ತರಕ್ರಿಯೆಯ ಬೊಜ್ಜವಿರಲಿ, ಅವರು ಹೇಳಿದ ಹಾಗೆ ನಡೆಯಬೇಕು.

"ಪಾಪದ ಹೆಂಗಸು. ಒಬ್ಬರಿಗೆ ಎದುರು ಮಾತಾಡಿದವಳಲ್ಲ. ಬಾಯಿ ಅಂತ ಒಂದು ಇತ್ತಾ ಅಂತ ನನಗೆ ಈಗಲೂ ಸಂಶಯ."

ಆಗಷ್ಟೇ ಅಂಗಳಕ್ಕೆ ಕಾಲಿಟ್ಟಿದ್ದ, ಇಸ್ತ್ರಿ ಹಾಕಿದ ಬಿಳಿ ಅಂಗಿಯ ಒಬ್ಬರು ಆ ಮಾತು ಕೇಳಿ ಗಕ್ಕನೆ ನಿಂತರು. ಹಿಂತಿರುಗಿ ರಸ್ತೆಯನ್ನೊಮ್ಮೆ, ಮನೆಯನ್ನೊಮ್ಮೆ ನೋಡಿದರು.

"ಇದು ಲೋಲಾಕ್ಷಿಯವರ ಮನೆಯೇ ಅಲ್ವಾ? ಹಸಿರು ಅಂಗಳದ ಲೋಲಾಕ್ಷಿ?"

"ಎಂತ ಅಂಗಳ?" ಎಂದರು ಐತಪ್ಪ.

"ವಾಟ್ಸಾಪ್ ಗುಂಪು. ಕೈತೋಟದ್ದು. ನಾನು ಅದರ ಅಡ್ಮಿನ್, ತಿರುಮಲೇಶ್ವರ. ವಿದ್ಯಾನಗರದ ಸಿವಿಲ್ ಸ್ಟೇಷನಿನಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದದ್ದು." ಅವರು ಧ್ವನಿ ತಗ್ಗಿಸಿದರು. "ನೀವು ಹೇಳಿದ್ದು ಕೇಳಿ ಮನೆ ತಪ್ಪಿತು ಅಂತ ಎಣಿಸಿದೆ. ಐದು ವರ್ಷ ಅವರು ನನಗೆ ಬಾಯಿ ತೆರೆಯಲಿಕ್ಕೆ ಬಿಡಲಿಲ್ಲ ಮಾರಾಯ್ರೆ."

ಕಂಬಕ್ಕೊರಗಿ ನಿಂತಿದ್ದ ಮೋಕ್ಷಿತಾಳ ಅಪ್ಪ ಚೆನ್ನಪ್ಪ ಬೆಳಗಿನಿಂದ ಮೊದಲ ಸಲ ತಲೆಯೆತ್ತಿದರು.

"ಯಾರು? ನನ್ನ ಅಕ್ಕನಾ?"

"ಮೂರು ಮೆಮೊ ಕೊಟ್ಟಿದ್ದೇನೆ ಅವರಿಗೆ," ಎಂದರು ತಿರುಮಲೇಶ್ವರ. "ಒಂದಕ್ಕೂ ಹೆದರಲಿಲ್ಲ."

ಅವರ ಬೆನ್ನಿಗೇ ಸ್ಕೂಟರುಗಳು ಬಂದವು, ಒಂದು ಆಟೋ ಬಂತು, ಆಮೇಲೆ ಇನ್ನೆರಡು. ಬೆಳಿಗ್ಗೆ ಆರು ಗಂಟೆಗೆ ಮೋಕ್ಷಿತಾ ಅತ್ತೆಯ ಫೋನಿನಿಂದಲೇ ಗುಂಪಿಗೆ ಸುದ್ದಿ ಹಾಕಿದ್ದಳು. ಐದು ನಿಮಿಷದಲ್ಲಿ ಅಲ್ಲಿ ಜಗಳ ಶುರುವಾಗಿತ್ತು. ಓಂ ಶಾಂತಿಯ ಚಿತ್ರ ಹಾಕಬಹುದೇ, ಅದು ಎರಡನೆಯ ನಿಯಮಕ್ಕೆ ವಿರುದ್ಧವೇ ಎಂದು ನಲವತ್ತು ಮಂದಿ ವಾದಿಸಿದ್ದರು. ಕೊನೆಗೆ ತಿರುಮಲೇಶ್ವರ ಒಂದು ಸಾಲು ಬರೆದು ಗುಂಪನ್ನು ಮುಚ್ಚಿದ್ದರು: "ಚಿತ್ರ ಹಾಕುವ ಬದಲು ಬಸ್ಸು ಹತ್ತತಕ್ಕದ್ದು."

* * *

ಐದು ವರ್ಷದ ಹಿಂದೆ ಮೋಕ್ಷಿತಾ ಹೊಸ ಫೋನು ತೆಗೆದುಕೊಂಡಾಗ ಹಳೆಯದನ್ನು ಅತ್ತೆಗೆ ಕೊಟ್ಟಿದ್ದಳು. ಯಾರೋ ಅವರನ್ನು ಹಸಿರು ಅಂಗಳಕ್ಕೆ ಸೇರಿಸಿದರು. ಏಳುನೂರು ಜನ, ಹದಿನಾಲ್ಕು ನಿಯಮ. ಶುಭೋದಯ ಹಾಕಬಾರದು. ದೇವರ ಚಿತ್ರ, ಫಾರ್ವರ್ಡ್ ಬೇಡ. ರೋಗ ಕೇಳುವವರು ಎಲೆಯ ಹಿಂದು ಮುಂದು ಎರಡನ್ನೂ ತೋರಿಸಬೇಕು. ಗೊತ್ತಿಲ್ಲದವರು ಉತ್ತರ ಹೇಳಬಾರದು. ಧ್ವನಿ ಸಂದೇಶ ಒಂದು ನಿಮಿಷ ಮೀರಬಾರದು.

ಅತ್ತೆಗೆ ಟೈಪ್ ಮಾಡಲಿಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಮಾತಾಡಿದರು. ಚಹಾಕ್ಕೆ ಸಕ್ಕರೆ ಸಾಲದು ಎನ್ನಲೂ ಹಿಂಜರಿಯುವ ಹೆಂಗಸು ತೋಟದ ನಡುವೆ ನಿಂತು, ಫೋನನ್ನು ಬಾಯಿಯ ಮುಂದೆ ಹಿಡಿದು, "ಹರಿವೆಗೆ ಅಷ್ಟು ಯೂರಿಯಾ ಹಾಕು ಅಂತ ಹೇಳಿದ್ದು ಯಾರು? ಆ ಸೊಪ್ಪನ್ನು ನಿಮ್ಮ ಮಕ್ಕಳಿಗೆ ತಿನ್ನಿಸ್ತೀರಾ?" ಎಂದು ಗುಡುಗುವುದನ್ನು ಮೊದಲ ಸಲ ಕೇಳಿದಾಗ, ಬೇರೆ ಯಾರೋ ಜಗಳಕ್ಕೆ ಬಂದಿದ್ದಾರೆಂದು ಮೋಕ್ಷಿತಾ ಹಿತ್ತಿಲಿಗೆ ಓಡಿದ್ದಳು.

ಆ ಸಂದೇಶ ನಾಲ್ಕು ನಿಮಿಷದ್ದಾಗಿತ್ತು. ಮೊದಲ ಮೆಮೊ ಅದಕ್ಕೆ ಬಂತು. ಎರಡನೆಯದು, ತಾನೇ ಬೆಳೆದದ್ದೆಂದು ಡ್ರ್ಯಾಗನ್ ಹಣ್ಣಿನ ಫೋಟೊ ಹಾಕಿದವರೊಬ್ಬರಿಗೆ "ಚೆಂದ ಉಂಟು, ಅಂಗಡಿಯ ಸ್ಟಿಕ್ಕರ್ ತೆಗೆಯಲಿಕ್ಕೆ ಮರೆತಿದ್ದೀರಿ" ಎಂದದ್ದಕ್ಕೆ.

ಮೂರನೆಯದು ದೊಡ್ಡದು. ಬಾಯಾರಿನ ಪರಮೇಶ್ವರಿ ಟೀಚರ್ ತಮ್ಮ ತವರಿನ ಊರ ಬೆಂಡೆಯ ಬೀಜ ಗುಂಪಿನವರಿಗೆಲ್ಲ ಹಂಚುವುದಾಗಿ ಹೇಳಿ ಕಾಯಿಯ ಫೋಟೊ ಹಾಕಿದ್ದರು. ನೂರಾರು ಹೆಬ್ಬೆರಳು, ಹೂವು, ಕೈಮುಗಿದ ಗುರುತು. ಅದರ ನಡುವೆ ಅತ್ತೆಯ ಧ್ವನಿ: "ಟೀಚರೇ, ಇದು ಊರ ಬೆಂಡೆ ಅಲ್ಲ. ಊರಿನದ್ದಕ್ಕೆ ಎಂಟು ಏಣು ಇರ್ತದೆ. ಇದಕ್ಕೆ ಐದೇ. ಪ್ಯಾಕೆಟಿನ ಬೀಜ. ಮುಂದಿನ ವರ್ಷಕ್ಕೆ ಇದರ ಬೀಜ ಹಾಕಿ ಜನ ಮೋಸ ಹೋಗ್ತಾರೆ. ಕಾಯಿ ಅಡ್ಡ ಕತ್ತರಿಸಿ ಎಣಿಸಿ ನೋಡಿ."

ಗುಂಪು ಎರಡು ಹೋಳಾಯಿತು. ಟೀಚರಿಗೆ ಅವಮಾನವಾಯಿತು ಎಂದರು ಕೆಲವರು. ಅಂಗನವಾಡಿಯಲ್ಲಿ ಗಂಜಿ ಬೇಯಿಸಿದವಳಿಗೆ ಬೆಂಡೆಯ ಬಗ್ಗೆ ಎಂತ ಗೊತ್ತು ಎಂದರು ಇನ್ನೊಬ್ಬರು. ತಿರುಮಲೇಶ್ವರರ ಮೆಮೊ ಬಂತು: "ಸದರಿ ಸದಸ್ಯೆಯು ಇಪ್ಪತ್ತನಾಲ್ಕು ಗಂಟೆಗಳೊಳಗೆ ಕ್ಷಮೆ ಕೋರತಕ್ಕದ್ದು. ತಪ್ಪಿದಲ್ಲಿ ತೆಗೆದುಹಾಕಲಾಗುವುದು."

"ತಪ್ಪಾಯ್ತು ಅಂತ ಹೇಳಿಬಿಡಿ ಅತ್ತೆ," ಎಂದಿದ್ದಳು ಮೋಕ್ಷಿತಾ. ವಿದ್ಯಾನಗರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಜನರ ಅರ್ಜಿ ತುಂಬಿಸುವ ಅವಳು ದಿನಕ್ಕೆ ಹತ್ತು ಸಲ ಹಾಗೆ ಹೇಳುತ್ತಿದ್ದಳು. ಅರ್ಜಿದಾರರು ತಪ್ಪು ದಾಖಲೆ ತಂದರೂ ಹೇಳುವವಳು ಅವಳೇ. "ಹೇಳಿದರೆ ಎಂತ ಹೋಗ್ತದೆ?"

ಹೀರೆಕಾಯಿ ಸಿಪ್ಪೆ ಹೆರೆಯುತ್ತಿದ್ದ ಅತ್ತೆ ಕತ್ತಿಯನ್ನು ಕೆಳಗಿಟ್ಟರು. "ಮಾಡಿದ ತಪ್ಪಿಗೆ ಹೇಳಿದ್ದೇನೆ ಮಗಾ. ಮಾಡದ್ದಕ್ಕೂ ಹೇಳಿದ್ದೇನೆ, ಈ ಮನೆಯಲ್ಲಿ, ಆ ಅಂಗನವಾಡಿಯಲ್ಲಿ. ಇದಕ್ಕೆ ಹೇಳುವುದಿಲ್ಲ. ಎಣಿಸಿದರೆ ಗೊತ್ತಾಗುವುದಕ್ಕೆ ನಾನು ಯಾಕೆ ಕ್ಷಮೆ ಕೇಳಬೇಕು?"

ಮರುದಿನ ಅವರನ್ನು ತೆಗೆದರು. ಕೆಲಸಕ್ಕೆ ಹೊರಟ ಮೋಕ್ಷಿತಾಳ ಹಿಂದೆ ಅತ್ತೆ ರಸ್ತೆಯವರೆಗೆ ಓಡಿಬಂದು ಫೋನು ತೋರಿಸಿದರು. ಮುಖ ಕೆಂಪಾಗಿತ್ತು. ಅಳುತ್ತಿದ್ದಾರೆಂದುಕೊಂಡಳು ಅವಳು. ನೋಡಿದರೆ ನಗುತ್ತಿದ್ದರು.

"ನನ್ನನ್ನು ತೆಗೆದರು ಮಗಾ! ಏಳುನೂರು ಜನರ ಎದುರು! ಇಷ್ಟರವರೆಗೆ ನನ್ನನ್ನು ಯಾರೂ ಅಷ್ಟು ದೊಡ್ಡವಳು ಅಂತ ಎಣಿಸಿದ್ದೇ ಇಲ್ಲ."

ಒಂಬತ್ತು ದಿನದ ಮೇಲೆ ಪರಮೇಶ್ವರಿ ಟೀಚರ್ ಗುಂಪಿಗೆ ಒಂದು ಫೋಟೊ ಹಾಕಿದರು. ತಟ್ಟೆಯಲ್ಲಿ ಅಡ್ಡ ಕತ್ತರಿಸಿದ ಬೆಂಡೆಯ ಬಿಲ್ಲೆ, ಪಕ್ಕದಲ್ಲಿ ಒಂದರಿಂದ ಐದರವರೆಗೆ ಪೆನ್ಸಿಲಿನಲ್ಲಿ ಬರೆದ ಅಂಕಿ. ಕೆಳಗೆ: "ಲೋಲಾಕ್ಷಿಯವರನ್ನು ಸೇರಿಸಿ. ಇಲ್ಲದಿದ್ದರೆ ನಾನೂ ಹೊರಗೆ."

* * *

ಆ ಟೀಚರ್ ಈಗ ಚಾವಡಿಯಲ್ಲಿ ಅತ್ತೆಯ ಕಾಲ ಬಳಿ ಕುಳಿತಿದ್ದರು. ತೆಳ್ಳಗಿನ ಎತ್ತರದ ಹೆಂಗಸು, ಬಾಯಾರಿನಿಂದ ಎರಡು ಬಸ್ಸು ಬದಲಿಸಿ ಬಂದವರು. ಅತ್ತೆಯನ್ನು ಅವರು ಕಣ್ಣಾರೆ ಕಂಡದ್ದು ಇದೇ ಮೊದಲು.

"ಮೂವತ್ತು ವರ್ಷ ನಾನು ಮಕ್ಕಳಿಗೆ ಎಣಿಸಲಿಕ್ಕೆ ಕಲಿಸಿದ್ದೇನೆ," ಎಂದರು ಮೋಕ್ಷಿತಾಳಿಗೆ. "ನನಗೆ ಕಲಿಸಿದ್ದು ಇವರು. ಆಮೇಲೆ ನಿಜವಾದ ಬೀಜ ಕೂಡ ಇವರೇ ಕಳಿಸಿದರು. ಆ ಗಿಡ ಎಲ್ಲಿ ಉಂಟಮ್ಮಾ? ನನಗೆ ಒಮ್ಮೆ ನೋಡಬೇಕು."

ಹಿಂದುಗಡೆ ಹಾರೆ ಮಣ್ಣಿಗಿಳಿದ ಸದ್ದಾಯಿತು. ಮೋಕ್ಷಿತಾ ಎಣ್ಣೆಯ ಕುಪ್ಪಿಯನ್ನು ತಾಯಿಯ ಕೈಗೆ ಕೊಟ್ಟು ಎದ್ದಳು.

ಬಸಳೆ ಚಪ್ಪರ ನೆಲಕಚ್ಚಿತ್ತು. ಧನರಾಜ್ ಮತ್ತು ಇನ್ನಿಬ್ಬರು ಹರಿವೆಯ ಸಾಲು ಅಗೆದು ಮುಗಿಸಿ ಬೆಂಡೆಯ ಕಡೆಗೆ ತಿರುಗಿದ್ದರು. ಐತಪ್ಪ ಸೊಂಟಕ್ಕೆ ಕೈಕೊಟ್ಟು ನಿಂತು ಅಳತೆ ಹೇಳುತ್ತಿದ್ದರು. ಬೀಜಕ್ಕೆ ಬಿಟ್ಟ ಬೆಂಡೆಕಾಯಿಗಳು ಗಿಡದಲ್ಲೇ ಒಣಗುತ್ತಿದ್ದವು, ಇನ್ನೊಂದು ವಾರ ಬೇಕಿತ್ತು.

"ಇಲ್ಲಿ ಬೇಡ ದೊಡ್ಡಪ್ಪ," ಎಂದಳು ಮೋಕ್ಷಿತಾ.

ಅವಳ ಧ್ವನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಐತಪ್ಪ ತಿರುಗಿಯೂ ನೋಡಲಿಲ್ಲ. ಧನರಾಜ್ ಹಾರೆ ಎತ್ತಿದ. ಅವಳು ನಡೆದುಹೋಗಿ ಹಾರೆಗೂ ಗಿಡಕ್ಕೂ ನಡುವೆ ನಿಂತಳು.

"ಇಲ್ಲಿ ಅಗೆಯಬಾರದು!"

ಈ ಸಲ ಅದು ಅಂಗಳಕ್ಕೂ ಕೇಳಿಸಿತು. ಧನರಾಜ್ ಕೈಯಲ್ಲಿದ್ದ ಹಾರೆ ಗಾಳಿಯಲ್ಲೇ ನಿಂತಿತು.

"ಎಂತ ಇದು?" ಎಂದರು ಐತಪ್ಪ. "ಹೆಣ ಇಟ್ಟುಕೊಂಡು ಸೊಪ್ಪಿಗೆ ಅಳುವುದಾ? ಒಳಗೆ ಹೋಗು."

"ಹೋಗುವುದಿಲ್ಲ."

"ಚೆನ್ನಪ್ಪಾ, ನಿನ್ನ ಮಗಳಿಗೆ ಹೇಳು!"

ಚೆನ್ನಪ್ಪ ಬಂದರು. ಅವರ ಹಿಂದೆ ತಿರುಮಲೇಶ್ವರ, ಟೀಚರ್, ಗುಂಪಿನ ಇಪ್ಪತ್ತು ಮೂವತ್ತು ಜನ. ತಪ್ಪಾಯ್ತು ಎಂಬ ಮಾತು ಮೋಕ್ಷಿತಾಳ ನಾಲಗೆಗೆ ಬರಲೇ ಇಲ್ಲ.

"ಈ ಮಣ್ಣು ಇಷ್ಟನ್ನೂ ಅವರು ತಲೆಯಲ್ಲಿ ಹೊತ್ತು ತಂದದ್ದು ಅಪ್ಪ. ಇಲ್ಲಿ ಇದ್ದದ್ದು ಹೊಂಡ. ಅವರನ್ನು ಸುಡಲಿಕ್ಕೆ ಅವರು ಮಾಡಿದ್ದನ್ನೇ ಹಾಳು ಮಾಡಬೇಕಾ? ಎದುರಿನ ಪಾರೆ ಖಾಲಿ ಉಂಟಲ್ಲ. ಅಲ್ಲಿ ಮಾಡುವ."

"ಬಂಡೆಯಲ್ಲಿ ಗುಂಡಿ ತೋಡುವುದು ಹೇಗೆ?" ಐತಪ್ಪ ಕೇಳಿದರು. "ನಿನ್ನ ಕಂಪ್ಯೂಟರಿನಲ್ಲಾ?"

ಗುಂಪಿನ ನಡುವಿನಿಂದ ಒಬ್ಬ ಗಟ್ಟಿಮುಟ್ಟಾದ ಯುವಕ ಮುಂದೆ ಬಂದ. "ಗುಂಡಿ ಬೇಡ ಅಣ್ಣಾ. ನಾನು ಉಜ್ವಲ್, ಕಲ್ಲು ಕಟ್ಟುವ ಮೇಸ್ತ್ರಿ. ರಸ್ತೆ ಬದಿಯಲ್ಲಿ ಕೆಂಪುಕಲ್ಲು ಅಟ್ಟಿ ಇಟ್ಟದ್ದು ನೋಡಿದೆ. ಸುತ್ತ ನಾಲ್ಕು ವರಸೆ ಕಲ್ಲು ಎಬ್ಬಿಸಿದರೆ ಸೌದೆ ಗಟ್ಟಿ ನಿಲ್ತದೆ. ಇಷ್ಟು ಜನ ಇದ್ದೇವೆ, ಅರ್ಧ ಗಂಟೆ ಸಾಕು."

"ಎದುರುಗಡೆಯಾ?" ಐತಪ್ಪನವರ ಮುಖ ಕೆಂಪಾಯಿತು. "ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣ್ತದೆ!"

"ಕಾಣಲಿ," ಎಂದಳು ಮೋಕ್ಷಿತಾ.

ಚೆನ್ನಪ್ಪ ಬಗ್ಗಿ, ಅಗೆದ ಮಣ್ಣಿನ ಒಂದು ಹೆಂಟೆ ತೆಗೆದು ಬೆರಳಿನಲ್ಲಿ ಪುಡಿ ಮಾಡಿದರು. ಕಪ್ಪು ಮಣ್ಣು, ಮೃದು. ಈ ಗುಡ್ಡದಲ್ಲಿ ಅಂಥದ್ದು ಬೇರೆಲ್ಲೂ ಇರಲಿಲ್ಲ. ಅವರು ತಿರುಮಲೇಶ್ವರರ ಕಡೆ ನೋಡಿದರು.

"ನನ್ನ ಅಕ್ಕ ನಿಜವಾಗಿ ಅಷ್ಟು ಜೋರು ಇದ್ದಳಾ?"

"ಇದಕ್ಕಿಂತಲೂ ಜೋರು," ಎಂದರು ಅವರು, ಮೋಕ್ಷಿತಾಳ ಕಡೆ ಕೈ ತೋರಿಸಿ.

ಚೆನ್ನಪ್ಪ ಮಣ್ಣನ್ನು ಬೆಂಡೆಯ ಬುಡಕ್ಕೆ ಹಾಕಿ ಕೈ ಕೊಡವಿಕೊಂಡರು. "ಎದುರೇ ಆಗಲಿ ಐತಪ್ಪಣ್ಣ. ಧನು, ಆ ಚಪ್ಪರ ಎತ್ತಿ ಕಟ್ಟು."

ಐತಪ್ಪ ಎದುರಿಗೆ ನಿಂತ ಮೂವತ್ತು ಮಂದಿಯನ್ನು ನೋಡಿ, ವೇಷ್ಟಿ ಕೊಡವಿಕೊಂಡು ಕುರ್ಚಿಯ ಕಡೆ ನಡೆದರು.

ರಸ್ತೆಯ ಬದಿಯಿಂದ ಪಾರೆಯ ನೆತ್ತಿಯವರೆಗೆ ಜನ ಸಾಲಾಗಿ ನಿಂತರು. ಕಲ್ಲು ಕೈಯಿಂದ ಕೈಗೆ ಏರತೊಡಗಿತು. ಸಿವಿಲ್ ಸ್ಟೇಷನಿನ ಸೂಪರಿಂಟೆಂಡೆಂಟರ ಬಿಳಿ ಅಂಗಿ ಹತ್ತು ನಿಮಿಷದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಡ್ರ್ಯಾಗನ್ ಹಣ್ಣಿನವರೂ ಸಾಲಿನಲ್ಲಿದ್ದರು. ತಾವೇ ಹಾಗೆಂದು ಹೇಳಿಕೊಂಡು ಎಲ್ಲರನ್ನೂ ನಗಿಸಿದರು. ಕಲ್ಲನ್ನು ಉದ್ದಕ್ಕೆ ಇಡಬೇಕೋ ಅಡ್ಡಕ್ಕೋ ಎಂದು ನಡುವೆ ವಾದವೆದ್ದಿತು. ಗೊತ್ತಿಲ್ಲದವರು ಉತ್ತರ ಹೇಳಬಾರದು ಎಂದು ಟೀಚರ್ ಗದರಿದರು. ಸಾವಿನ ಮನೆಯಲ್ಲಿ ಇಷ್ಟು ಗಲಾಟೆಯೇ ಎಂದು ನೆರೆಯ ಹೆಂಗಸೊಬ್ಬಳು ಪಿಸುಗುಟ್ಟಿದಾಗ ಮೋಹಿನಿ, "ಇರಲಿ, ಅವರದ್ದೇ ಜನ," ಎಂದರು.

ಮಧ್ಯಾಹ್ನ ಒಂದು ಗಂಟೆಗೆ ಅತ್ತೆಯನ್ನು ಎತ್ತಿದರು. ಯಾವತ್ತೂ ಹಿಂಬಾಗಿಲಿನಿಂದಲೇ ಹೋಗಿ ಬರುತ್ತಿದ್ದ ಅವರು ಎದುರಿನ ಮೆಟ್ಟಿಲಿಳಿದು, ಅಂಗಳ ದಾಟಿ, ಪಾರೆ ಹತ್ತಿದರು. ಒಂದು ಕಡೆ ಹೆಗಲು ಕೊಟ್ಟವರು ಚೆನ್ನಪ್ಪ ಮತ್ತು ಧನರಾಜ್, ಇನ್ನೊಂದು ಕಡೆ ಉಜ್ವಲ್ ಮತ್ತು ತಿರುಮಲೇಶ್ವರ. ಹೆಂಗಸರು ಅಂಗಳದಲ್ಲೇ ನಿಲ್ಲುವುದು ವಾಡಿಕೆ. ಮೋಕ್ಷಿತಾ ನಿಲ್ಲಲಿಲ್ಲ. ಟೀಚರ್ ಅವಳ ಕೈ ಹಿಡಿದುಕೊಂಡು ಜತೆಗೆ ನಡೆದರು. ಯಾರೂ ಬೇಡ ಎನ್ನಲಿಲ್ಲ.

ಚೆನ್ನಪ್ಪ ಬೆಂಕಿ ಕೊಟ್ಟರು. ಮಾವಿನ ಸೌದೆ ಒಣಗಿತ್ತು, ಪಾರೆಯ ಮೇಲೆ ಗಾಳಿಗೆ ತಡೆಯೆಂಬುದಿರಲಿಲ್ಲ. ಉರಿ ಒಮ್ಮೆಗೇ ಎದ್ದು ಆಳೆತ್ತರವಾಯಿತು, ಮತ್ತೆ ಮನೆಯ ಹೆಂಚಿನ ಮಾಡನ್ನೂ ಮೀರಿತು. ಕೆಳಗೆ ರಸ್ತೆಯಲ್ಲಿ ಬರುತ್ತಿದ್ದ ಟೌನ್ ಬಸ್ಸೊಂದು ನಿಧಾನಿಸಿ, ಸ್ಟಾಪ್ ಇಲ್ಲದಲ್ಲಿ ನಿಂತಿತು. ಡ್ರೈವರ್ ಇಂಜಿನ್ ಬಂದ್ ಮಾಡಿದ. ಕಿಟಕಿಗಳಲ್ಲಿ ಒಂದೊಂದಾಗಿ ಮುಖಗಳು ಮೂಡಿದವು. ಯಾರೋ ದೊಡ್ಡ ವ್ಯಕ್ತಿ ಹೋಗಿರಬೇಕೆಂದು ಬಸ್ಸಿನೊಳಗೆ ಕುಳಿತಿದ್ದವರೆಲ್ಲ ಎದ್ದು ನಿಂತರು.