ಪಹಣಿಯ ರಾಣಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಸುಗ್ಗಿಯಲ್ಲಿ, ಪೇಟೆ ಇನ್ನೂ ಮುಟ್ಟಿರದ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಒಬ್ಬ ರಾಣಿ ಇದ್ದಳು. ನಾಲ್ಕು ಎಕರೆ ರಾಗಿ ಹೊಲ ಅವಳದು. ಉಡಲು ಇದ್ದದ್ದು ಒಂದೇ ಸೀರೆ.

“ರಾಣಿ ನಿಂತಂಗೆ ನಿಂತವ್ಳೆ ನೋಡು! ತೂರೇ, ಗಾಳಿ ಬಿದ್ದೋಯ್ತದೆ!” ಪಟೇಲ ಉಗ್ರಪ್ಪ ಕಣದ ಅಂಚಿನಿಂದ ಕಿರುಚಿದ.

ಮುನಿತಾಯಮ್ಮ ಮೊರ ಎತ್ತಿದಳು.

ಹೆಚ್ಚು ಭೂಮಿ ಇದ್ದವರಿಂದ ಸರ್ಕಾರ ಕಿತ್ತುಕೊಳ್ಳುತ್ತದೆಂಬ ಗುಲ್ಲೆದ್ದಾಗ ಪಟೇಲ ಈ ಹೊಲವನ್ನು ತನ್ನ ಆಳು ಮುನಿತಾಯಮ್ಮನ ಹೆಸರಿಗೆ ಬರೆಸಿದ್ದ. “ಹೆಬ್ಬೆಟ್ಟು ಒತ್ತು, ನಿನ್ ಮಗಳ ಓದು ನಂದು,” ಅಂದಿದ್ದ. ಒತ್ತಿದ್ದಳು. ಈಗ ಮಗಳು ಚಿಕ್ಕಗಂಗಮ್ಮನ ಫೀಸು ಮಾಫಿಯ ಅರ್ಜಿ ಕಾಲೇಜಿನಿಂದ ವಾಪಸು ಬಂದಿತ್ತು: ತಾಯಿ ಜಮೀನುದಾರಳು, ಬಡವಳಲ್ಲ. ಶುಕ್ರವಾರದೊಳಗೆ ಕಟ್ಟದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

“ಕಟ್ತೀನಿ ಕಣವ್ವ, ನನ್ನಾಣೆ,” ಎಂದು ತಾಯಿ ಮಾತು ಕೊಟ್ಟಿದ್ದಳು.

“ಪಟೇಲ್ರೇ,” ಅವಳು ಮೊರ ಇಳಿಸಿದಳು. “ಹೊಲ ನನ್ ಹೆಸ್ರಿಂದ ತೆಗ್ಸಿ. ಇಲ್ಲಾಂದ್ರೆ ಫೀಸು ಕೊಡಿ. ನೀವೇ ಅಂದಿದ್ರಿ.”

“ನಾನಾ? ಯಾವ ಮುಂಡೇಗೆ?” ಪಟೇಲ ನಕ್ಕ. “ಕಾಲೇಜು ಕಲ್ತು ನನ್ ಸಗಣೀನ ಇಂಗ್ಲೀಷಲ್ಲಿ ಬಾಚ್ತಾಳಾ? ನಾಳೆಯಿಂದ ಕೊಟ್ಟಿಗೇಗೆ ಕಳ್ಸು. ರಾಗಿ ಮನೇಗೆ ಸಾಗ್ಸು.”

ಮಧ್ಯಾಹ್ನಕ್ಕೆ ಆರು ಚೀಲ ತುಂಬಿದವು.

“ಪಟೇಲ್ರ ಮನೇಗಾ ಅಕ್ಕಾ?” ಗಾಡಿಯ ಕೆಂಚಪ್ಪ ಕೇಳಿದ.

“ಪ್ಯಾಟೆ ಮಂಡೀಗೆ.”

“ತಲೆಗಿಲೆ ಕೆಟ್ಟೈತಾ? ಚರ್ಮ ಸುಲೀತಾನೆ!”

“ಸುಲ್ಯಕ್ಕೆ ಇನ್ನೇನ್ ಉಳ್ಸವ್ನೆ? ಹೊಡಿ ಗಾಡಿ.”

ರಸ್ತೆ ಹತ್ತುವಷ್ಟರಲ್ಲಿ ಪಟೇಲ ಏದುಸಿರು ಬಿಡುತ್ತ ಅಡ್ಡಬಂದ. “ಕಳ್ಳ ಲೌಡಿ! ಯಾರಪ್ಪನ ರಾಗಿನೇ?”

“ಪಹಣೀಲಿ ಯಾರ ಹೆಸ್ರೈತೋ ಅವರ್ದು. ಪೋಲೀಸ್ನೋರ್ನ ಕರ್ಸಿ, ಶಾನುಭೋಗ್ರೂ ಬರ್ಲಿ. ಎಲ್ರ ಮುಂದೆ ಓದ್ಸಾಣ.”

ಎತ್ತಿದ ಕೋಲು ಎತ್ತಿದಲ್ಲೇ ನಿಂತಿತು. ಪಟೇಲ ದನಿ ತಗ್ಗಿಸಿದ. “ನಿನ್ ಗುಡ್ಲು ನನ್ ಜಾಗ್ದಾಗೈತೆ. ಮರೀಬ್ಯಾಡ.”

ಸಂಜೆ ಅವಳು ರಾಗಿ ಮಾರಿ ಮರಳಿದಾಗ ಗುಡಿಸಲಿದ್ದಲ್ಲಿ ಮೂರು ಒಲೆಗಲ್ಲು, ಸುತ್ತ ಬಿಸಿ ಬೂದಿ. ಚಿಕ್ಕಗಂಗಮ್ಮ ಬೇವಿನ ಬುಡದಲ್ಲಿ ಪುಸ್ತಕ ಅವುಚಿಕೊಂಡು ಕೂತಿದ್ದಳು. ಇಬ್ಬರೂ ಹೊಲಕ್ಕೆ ನಡೆದು, ರಾಗಿಹುಲ್ಲಿನ ಮೆದೆಯ ಮಗ್ಗುಲಲ್ಲಿ ಒಲೆ ಹೂಡಿದರು.

ಶುಕ್ರವಾರ ಕಾಲೇಜಿನ ಗುಮಾಸ್ತ ಹಣ ಎಳೆದುಕೊಂಡು, ತಲೆ ಎತ್ತದೆ ಕೇಳಿದ: “ಮನೆ ವಿಳಾಸ?”

ಮಗಳು ತಾಯಿಯ ಮುಖ ನೋಡಿದಳು.

“ಆ ನಾಲ್ಕೆಕ್ರೆ ಹೊಲ ಅಂತ ಬರ್ಕೊಳಿ ಸ್ವಾಮಿ,” ಎಂದಳು ಮುನಿತಾಯಮ್ಮ. “ನಮ್ದೇ ಅಂತ ನೀವೇ ಬರ್ದಿದ್ರಲ್ಲ. ಈಗ ಅಲ್ಲೇ ಇದೀವಿ.”

ಗುಮಾಸ್ತ ರಸೀತಿಗೆ ಮೊಹರು ಒತ್ತಿದ.